ಅರ್ಧ ಚೌಕದ ಅಂತರ

ಹುಣ್ಣಿಮೆಗಳಂದೂ ಮಂಗಳವಾರ, ಶುಕ್ರವಾರಗಳಂದೂ, ಅವೆಲ್ಲಕ್ಕೂ ಮಿಗಿಲಾಗಿ ಬೇಸಿಗೆಯ ಜಾತ್ರೆಯ ದಿನಗಳಲ್ಲಿಯೂ, ಹುಲಿಗಿಯ ಹುಲಿಗೆಮ್ಮನ ದರ್ಶನಕ್ಕೆಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಮಾತ್ರವಲ್ಲದೆ ಹೊಳೆಯಾಚೆಯ ಹೊಸಪೇಟೆ, ಬಳ್ಳಾರಿಗಳ ಕಡೆಯಿಂದಲೂ ನೆರೆಯುವ ಜನಸಮೂಹದಲ್ಲಿ ಸ್ತ್ರೀಯರ ಪಾಲು ದೊಡ್ಡದು. ಅವರಲ್ಲಿ ಅನೇಕರು ಉಪವಾಸವಿದ್ದು, ತುಂಗಭದ್ರೆಯಲ್ಲಿ ಮಿಂದು, ಒದ್ದೆಯಲ್ಲಿಯೇ ದೀಡ ನಮಸ್ಕಾರ ಹಾಕಿ, ನೆತ್ತಿ ಸುಡುವ ಬಿಸಿಲಿನಲ್ಲಿ ಸಾಲಿನಲ್ಲಿ ನಿಂತು, ಪರಸ್ಥಳದ ನೀರು ಕುಡಿದು ಪರಸ್ಥಳದ ಅನ್ನ ಉಂಡು, ಊರಿಗೆ ಮರಳುವ ಹೊತ್ತಿಗೆ ವಾಂತಿಭೇದಿಗೆ ಸಿಕ್ಕಿಕೊಳ್ಳುವುದು ಜಾತ್ರೆಯೆಂಬುದು ಎಲ್ಲೆಲ್ಲಿ ನಡೆಯುತ್ತದೆಯೋ ಅಲ್ಲೆಲ್ಲ ಕಾಣುವ ಸಂಗತಿ. ಆಗ ಮನೆಯವರು ಯಾರಾದರೊಬ್ಬರು ಹತ್ತಿರದ ಔಷಧದಂಗಡಿಗೆ ಓಡುತ್ತಾರೆ. ಅಂಗಡಿಯವನು ಕೇಳುವ ಪ್ರಶ್ನೆ ಒಂದೇ: "ಯಾರಿಗ್ರಿ ಗುಳಿಗಿ, ದೊಡ್ಡೋರಿಗೋ ಸಣ್ಣೋರಿಗೋ?" "ನಮ್ಮವ್ವಗ್ರಿ" ಎಂಬ ಉತ್ತರ ಬಂದರೆ ಅವನ ಕಿವಿಗೆ ಬೀಳುವುದು 'ದೊಡ್ಡವರು' ಎಂಬ ಅರ್ಥವೊಂದೇ, ಅವ್ವ ಹೆಂಗಸು ಎಂಬ ಅಂಶ, ಅವನ ಲೆಕ್ಕದಲ್ಲಿ ಮಾತ್ರವಲ್ಲ, ನಮ್ಮೆಲ್ಲರ ಲೆಕ್ಕದಲ್ಲಿಯೂ, ಗುಳಿಗೆಗೆ ಸಂಬಂಧಪಡದ ವಿಷಯ.

ಸಂಬಂಧಪಡುತ್ತದೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ. ವಾಂತಿ ನಿಲ್ಲಿಸಲು ಕೊಡುವ ಡೊಂಪೆರಿಡೋನ್ ಅಥವಾ ಆಂಡಾನ್‌ಸೆಟ್ರಾನ್, ಭೇದಿಗೂ ಜ್ವರಕ್ಕೂ ಕೊಡುವ ಅಜಿತ್ರೋಮೈಸಿನ್ ಅಥವಾ ಲಿವೋಫ್ಲಾಕ್ಸಾಸಿನ್, ಇವೆಲ್ಲವೂ ಶಾಸ್ತ್ರಸಮ್ಮತವಾದ, ಕೋಟ್ಯಂತರ ಜನರಿಗೆ ಉಪಕಾರ ಮಾಡಿದ ಔಷಧಗಳು. ಆದರೆ ಇವುಗಳಲ್ಲಿ ಪ್ರತಿಯೊಂದಕ್ಕೂ ಹೃದಯದ ವಿದ್ಯುತ್‌ಕ್ರಿಯೆಯ ಒಂದು ನಿರ್ದಿಷ್ಟ ಘಟ್ಟವನ್ನು ಸ್ವಲ್ಪ ದೀರ್ಘಗೊಳಿಸುವ ಗುಣವಿದೆ, ಮತ್ತು ಆ ಘಟ್ಟ ಸ್ತ್ರೀಯರಲ್ಲಿ ಸ್ವಭಾವತಃ ಮೊದಲೇ ತುಸು ದೀರ್ಘವಾಗಿರುತ್ತದೆ.

ಡಚ್ ವಿಜ್ಞಾನಿ ವಿಲ್ಲೆಮ್ ಐಂಥೋವೆನ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ರೇಖೆಯಾಗಿ ಇಳಿಸುವ ವಿಧಾನವನ್ನು ಸಿದ್ಧಗೊಳಿಸಿ, ಆ ರೇಖೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳನ್ನು ಕೊಟ್ಟು, 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ತೆಗೆಯುವ ಇಸಿಜಿ ಅದೇ ರೇಖೆ. ಕ್ಯೂ ಎಂಬಲ್ಲಿ ಹೃತ್ಕುಕ್ಷಿಗಳು ವಿದ್ಯುತ್ತಿನಿಂದ ಪ್ರಚೋದಿತವಾಗತೊಡಗುತ್ತವೆ. ಟಿ ಮುಗಿಯುವಲ್ಲಿ ಅವು ಮತ್ತೆ ಪೂರ್ವಸ್ಥಿತಿಗೆ ಬಂದು ಮುಂದಿನ ಬಡಿತಕ್ಕೆ ಅಣಿಯಾಗಿರುತ್ತವೆ. ಈ ನಡುವಣ ಕಾಲವೇ ಕ್ಯೂಟಿ ಅವಧಿ. ನಾಡಿ ವೇಗವಾದಾಗ ಇದು ಕುಗ್ಗುತ್ತದೆ, ನಿಧಾನವಾದಾಗ ಹಿಗ್ಗುತ್ತದೆ. ಆದಕಾರಣ ನಾಡಿಯ ವೇಗಕ್ಕೆ ತಕ್ಕಂತೆ ತಿದ್ದಿ ಲೆಕ್ಕ ಹಾಕಬೇಕು. ಆ ತಿದ್ದುಪಡಿಯ ಸೂತ್ರವನ್ನು 1920ರಲ್ಲಿ ಪ್ರಕಟಿಸಿದ ಬ್ರಿಟಿಷ್ ಶರೀರಕ್ರಿಯಾಶಾಸ್ತ್ರಜ್ಞ ಬ್ಯಾಜೆಟ್, ತನ್ನ ಸೂತ್ರದ ಸ್ಥಿರಾಂಕವನ್ನು ಗಂಡಸರಿಗೆ 0.37 ಎಂದೂ ಹೆಂಗಸರಿಗೆ 0.40 ಎಂದೂ ಬೇರೆ ಬೇರೆಯಾಗಿಯೇ ಕೊಟ್ಟಿದ್ದನು. ಸ್ತ್ರೀಯರ ನಾಡಿ ವಿಶ್ರಾಂತಿಯಲ್ಲಿ ಪುರುಷರದಕ್ಕಿಂತ ನಿಮಿಷಕ್ಕೆ ಮೂರರಿಂದ ಐದು ಬಡಿತ ಹೆಚ್ಚು. ಹಾಗಿದ್ದೂ, ವೇಗಕ್ಕೆ ತಿದ್ದಿದ ಮೇಲೆ ಅವರ ಕ್ಯೂಟಿ ದೀರ್ಘ. ಈಗಿನ ವೈದ್ಯರು ಪುರುಷರಿಗೆ 450 ಮಿಲಿಸೆಕೆಂಡನ್ನೂ ಸ್ತ್ರೀಯರಿಗೆ 460ನ್ನೂ ಸಾಮಾನ್ಯದ ಮೇಲಂಚೆಂದು ಹಿಡಿಯುತ್ತಾರೆ. 500ನ್ನು ದಾಟಿದರೆ ಯಾರಿಗಾದರೂ ಅಪಾಯವೇ. ಇಸಿಜಿ ಕಾಗದದ ಒಂದು ಸಣ್ಣ ಚೌಕವೆಂದರೆ 40 ಮಿಲಿಸೆಕೆಂಡು. ಅಂದರೆ ಹೆಣ್ಣುಗಂಡುಗಳ ನಡುವಣ ಸರಾಸರಿ ವ್ಯತ್ಯಾಸ ಅರ್ಧ ಚೌಕಕ್ಕಿಂತ ಹೆಚ್ಚೇನೂ ಅಲ್ಲ. ನೂರು ವರ್ಷಗಳಿಗೂ ಹಿಂದೆ ಮುದ್ರಿತವಾದ ಈ ಅಂಶ ಬಹುಕಾಲ ಪುಸ್ತಕದಲ್ಲಿಯೇ ಉಳಿಯಿತು. ಅರ್ಧ ಚೌಕಕ್ಕಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಈ ಭೇದ ಹುಟ್ಟಿನಿಂದಲೇ ಬಂದದ್ದಲ್ಲವೆಂಬುದು ಕುತೂಹಲಕರವಾದ ವಿಷಯ. ಬಾಲಕ ಬಾಲಕಿಯರಲ್ಲಿ ಈ ಅವಧಿ ಹೆಚ್ಚುಕಡಮೆ ಸಮಾನ. ಹರೆಯ ಬಂದಾಗ ಹುಡುಗಿಯರದು ಹಿಗ್ಗುವುದಿಲ್ಲ, ಹುಡುಗರದು ಕುಗ್ಗುತ್ತದೆ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಕೆಲಸ ಅದು. ಮುದಿತನದಲ್ಲಿ ಆ ಹಾರ್ಮೋನು ಇಳಿಯುತ್ತ ಬಂದಂತೆ ಪುರುಷನ ಕ್ಯೂಟಿ ಮತ್ತೆ ಉದ್ದವಾಗಿ, ಇಬ್ಬರ ನಡುವಣ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕಾಗಿ ಆ ಹಾರ್ಮೋನನ್ನು ಔಷಧದಿಂದ ಅಡಗಿಸಿದ ಗಂಡಸರಲ್ಲಿಯೂ ಹೀಗೆಯೇ ಆಗುತ್ತದೆ. ಗಂಡುದೇಹದಲ್ಲಿ ಹುಟ್ಟಿ, ದೇವಿಗೆ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಹೆಣ್ಣಾಗಿ ಬಾಳುವ ಜೋಗಪ್ಪಂದಿರನ್ನು ಸವದತ್ತಿಯಂತೆಯೇ ಹುಲಿಗಿಯೂ ತಲೆತಲಾಂತರದಿಂದ ಬಲ್ಲದು. ಆ ಪರಂಪರೆಗೆ ಹಾರ್ಮೋನಿನ ಗೊಡವೆಯಿರಲಿಲ್ಲ. ಆದರೆ ಈ ಕಾಲದಲ್ಲಿ ಹೆಣ್ತನಕ್ಕಾಗಿ ಹಾರ್ಮೋನು ಚಿಕಿತ್ಸೆ ತೆಗೆದುಕೊಳ್ಳುವವರ ಹೃದಯರೇಖೆ ಕ್ರಮೇಣ ಸ್ತ್ರೀಯರ ಅಳತೆಯ ಕಡೆಗೆ ಸರಿಯುತ್ತದೆಂಬುದು ತಿಳಿದುಬಂದಿದೆ. ಆದ್ದರಿಂದ ಇಲ್ಲಿ ಹೆಣ್ಣು, ಗಂಡು ಎಂಬುವು ಜನನಪತ್ರದಲ್ಲಿ ಬರೆದ ಶಬ್ದಗಳಿಗಿಂತ ಹೆಚ್ಚಾಗಿ ಆ ಕಾಲದಲ್ಲಿ ರಕ್ತದಲ್ಲಿ ಹರಿಯುವ ದ್ರವ್ಯಗಳ ಪ್ರಮಾಣಕ್ಕೆ ಸಂಬಂಧಿಸಿದವು.

ಹೃದಯದ ಜೀವಕೋಶವೊಂದು ಬಡಿದ ಮೇಲೆ ತನ್ನೊಳಗಿನ ಪೊಟ್ಯಾಸಿಯಂ ಕಣಗಳನ್ನು ಹೊರಕ್ಕೆ ಬಿಟ್ಟು ಶಾಂತವಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗಂಗಾವತಿ, ಕಾರಟಗಿಗಳ ರೈತನಿಗೆ ಇದನ್ನು ತಿಳಿಸುವುದು ಸುಲಭ: ತುಂಬಿದ ಮಡಿಯಿಂದ ನೀರು ಹೊರಹೋಗಲು ಎರಡು ತೂಬುಗಳಿವೆ, ಒಂದು ಕಟ್ಟಿಕೊಂಡರೂ ಇನ್ನೊಂದು ಚೆನ್ನಾಗಿ ಹರಿಯುತ್ತಿದ್ದರೆ ಪೈರಿಗೆ ಕೇಡಿಲ್ಲ, ಆ ಇನ್ನೊಂದು ಮೊದಲೇ ಕಿರಿದಾಗಿದ್ದರೆ ಮಾತ್ರ ನೀರು ನಿಲ್ಲುತ್ತದೆ. ಜೀವಕೋಶದ ಪೊಟ್ಯಾಸಿಯಂ ಮಾರ್ಗಗಳಲ್ಲಿ ಒಂದು, ವಿಜ್ಞಾನಿಗಳು ಹೆರ್ಗ್ ಎಂದು ಕರೆಯುವುದು, ಒಳಬದಿಯಲ್ಲಿ ಅಸಾಧಾರಣವಾಗಿ ವಿಶಾಲವಾಗಿರುವುದರಿಂದ, ಪರಸ್ಪರ ಯಾವ ಹೋಲಿಕೆಯೂ ಇಲ್ಲದ ನಾನಾ ಔಷಧಗಳ ಅಣುಗಳು ಅದರೊಳಕ್ಕೆ ಹೊಕ್ಕು ಸಿಕ್ಕಿಕೊಳ್ಳುತ್ತವೆ. ಉಳಿದ ಮಾರ್ಗಗಳ ಶಕ್ತಿಯೇ ಹೃದಯದ ಮೀಸಲುನಿಧಿ. ಆ ನಿಧಿ ಪುರುಷರಲ್ಲಿ ಹೆಚ್ಚು, ಸ್ತ್ರೀಯರಲ್ಲಿ ಕಡಮೆ. ಋತುಚಕ್ರದ ಉದ್ದಕ್ಕೂ ಅದು ಒಂದೇ ಸಮನಾಗಿರುವುದೂ ಇಲ್ಲ; ಇಬುಟಿಲೈಡ್ ಎಂಬ ಔಷಧವನ್ನು ಕೊಟ್ಟು ನೋಡಿದಾಗ, ಕ್ಯೂಟಿ ಹಿಗ್ಗುವ ಪ್ರಮಾಣ ಮುಟ್ಟಿನ ದಿನಗಳಲ್ಲಿಯೂ ಅಂಡ ಬಿಡುಗಡೆಗೆ ಮುಂಚಿನ ದಿನಗಳಲ್ಲಿಯೂ ಹೆಚ್ಚಾಗಿಯೂ, ಪ್ರೊಜೆಸ್ಟೆರಾನ್ ಏರಿರುವ ಉತ್ತರಾರ್ಧದಲ್ಲಿ ಕಡಮೆಯಾಗಿಯೂ ಕಂಡಿತು.

ಈ ಅವಧಿ ಮಿತಿಮೀರಿದಾಗ ಏನಾಗುತ್ತದೆಂಬುದನ್ನು 1966ರಲ್ಲಿ ಪ್ಯಾರಿಸಿನ ವೈದ್ಯ ಫ್ರಾನ್ಸ್ವಾ ದೆಸೆರ್ತೆನ್ ವರ್ಣಿಸಿದನು. ಇಸಿಜಿಯ ರೇಖೆಯ ಶಿಖರಗಳು ಕೆಲವು ಬಡಿತಗಳವರೆಗೆ ಮೇಲಕ್ಕೂ ಅನಂತರ ಕೆಲವು ಬಡಿತಗಳವರೆಗೆ ಕೆಳಕ್ಕೂ ಮುರಿಮುರಿದು ತಿರುಗುತ್ತ, ಹೃತ್ಕುಕ್ಷಿಗಳು ನಿಮಿಷಕ್ಕೆ ಇನ್ನೂರಕ್ಕೂ ಮೀರಿದ ವೇಗದಲ್ಲಿ ಅದಿರುತ್ತ, ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಹೋಗುವ ಈ ವಿಕಾರಕ್ಕೆ ಅವನು ತೊರ್ಸಾದ್ ದ ಪ್ವಾಂತ್ ಎಂದು ಹೆಸರಿಟ್ಟನು. ಅವನ ಆ ಪ್ರಥಮ ರೋಗಿ ಎಂಬತ್ತು ವರ್ಷದ ವೃದ್ಧೆ. ಈ ಓಟ ಹಲವು ವೇಳೆ ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ನಿಲ್ಲುತ್ತದೆ. ಆಗ ಹೊರಗೆ ಕಾಣುವುದು ಎದೆ ಹಾರಿದಂತಾಗಿ, ಕಣ್ಣು ಕತ್ತಲೆ ಬಂದು, ಕುಸಿದು ಬಿದ್ದು, ಕೊಂಚ ಹೊತ್ತಿಗೆ ಎದ್ದು ಕುಳಿತ ಒಬ್ಬ ಹೆಂಗಸು ಮಾತ್ರ. ನಿಲ್ಲದಿದ್ದರೆ ಸಾವು. ಮಿದುಳಿಗೆ ರಕ್ತ ತಪ್ಪಿದ ಆ ಗಳಿಗೆಯಲ್ಲಿ ಕೈಕಾಲು ಸೆಟೆದು ಅದುರುವುದೂ ಉಂಟು, ಆದ್ದರಿಂದ ಇದನ್ನು ಮೂರ್ಛೆರೋಗವೆಂದು ತಪ್ಪಾಗಿ ತಿಳಿದು ವರ್ಷಗಟ್ಟಲೆ ಬೇರೆಯೇ ಔಷಧ ಕೊಟ್ಟ ಉದಾಹರಣೆಗಳು ಎಲ್ಲ ದೇಶಗಳ ವೈದ್ಯಗ್ರಂಥಗಳಲ್ಲಿಯೂ ಇವೆ. ದೇವಸ್ಥಾನದ ಅಂಗಳದಲ್ಲಿ ಬಿದ್ದವಳ ಮೈಯಲ್ಲಿ ದೇವಿ ಬಂದಿದ್ದಾಳೆಂದು ನಂಬುವವರೊಡನೆ ನಾನು ವಾದಕ್ಕೆ ಇಳಿಯುವುದಿಲ್ಲ. ಬಿದ್ದವರಲ್ಲಿ ಬಹುಪಾಲು ಜನ ಉಪವಾಸದಿಂದಲೂ ಬಿಸಿಲಿನಿಂದಲೂ ಬಿದ್ದವರೇ ಸರಿ. ಆದರೆ ಯಾವುದಾದರೂ ಹೊಸ ಗುಳಿಗೆ ನುಂಗಿದ ಮೇಲೆ ಬಿದ್ದವಳಿಗೆ, ದೇವಿ ಬಂದು ಹೋದ ಮೇಲಾದರೂ, ಒಂದು ಇಸಿಜಿ ತೆಗೆಸುವುದರಿಂದ ಯಾವ ದೇವರಿಗೂ ಅಪಚಾರವಾಗದು.

ಔಷಧದಿಂದ ತಾಳ ಕೆಡುವ ಕಥೆಯ ಆರಂಭ ತಾಳ ಸರಿಪಡಿಸುವ ಔಷಧದಲ್ಲಿಯೇ ಇದೆ. 1912ರಲ್ಲಿ ಪ್ರಸಿದ್ಧ ವೈದ್ಯ ವೆಂಕೆಬಾಖ್‌ನ ಬಳಿಗೆ ಅನಿಯತ ನಾಡಿಯ ವ್ಯಾಪಾರಿಯೊಬ್ಬನು ಬಂದು, ಮಲೇರಿಯಾಕ್ಕೆ ಕೊಡುವ ಕ್ವಿನೈನ್ ನುಂಗಿದರೆ ತನ್ನ ನಾಡಿ ಮರುದಿನ ಸರಿಹೋಗುತ್ತದೆಂದು ಹೇಳಿದನಂತೆ. ನಂಬದ ವೈದ್ಯನಿಗೆ ಅದನ್ನು ಮಾಡಿಯೂ ತೋರಿಸಿದನಂತೆ. 1918ರಲ್ಲಿ ಜರ್ಮನಿಯ ಫ್ರೈ, ಅದೇ ಸಿಂಕೋನಾ ತೊಗಟೆಯ ಇನ್ನೊಂದು ಸತ್ತ್ವವಾದ ಕ್ವಿನಿಡೀನ್ ಈ ಕೆಲಸಕ್ಕೆ ಹೆಚ್ಚು ಸಮರ್ಥವೆಂದು ಕಂಡನು. ಕ್ವಿನಿಡೀನ್ ತೆಗೆದುಕೊಂಡ ಕೆಲವರು ಇದ್ದಕ್ಕಿದ್ದಂತೆ ಮೂರ್ಛೆ ಹೋಗುತ್ತಿದ್ದರು. ಅದಕ್ಕೆ ಕಾರಣ ಹೃತ್ಕುಕ್ಷಿಗಳ ಈ ಹುಚ್ಚು ಓಟವೇ ಎಂಬುದು 1964ರವರೆಗೆ ಸ್ಪಷ್ಟವಾಗಲಿಲ್ಲ. ಹೀಗೆ ಬಿದ್ದವರು ಯಾರು ಎಂದು ಎಣಿಸಿ ನೋಡಲು ಮತ್ತೂ ಮೂರು ದಶಕಗಳು ಹಿಡಿದುವು. 1993ರಲ್ಲಿ ಅಮೆರಿಕದ ಮಕ್ಕರ್ ಮತ್ತು ಸಹೋದ್ಯೋಗಿಗಳು, ಹೃದ್ರೋಗದ ಔಷಧಗಳಿಂದ ಈ ವಿಕಾರಕ್ಕೆ ಒಳಗಾದ 332 ರೋಗಿಗಳ ಪ್ರಕಟಿತ ವೃತ್ತಾಂತಗಳನ್ನು ಒಟ್ಟುಗೂಡಿಸಿದಾಗ, ಆ ಔಷಧಗಳನ್ನು ಬಳಸುವವರಲ್ಲಿ ಸ್ತ್ರೀಯರ ಪ್ರಮಾಣದಂತೆ ಶೇಕಡ 44ರಷ್ಟು ಮಾತ್ರ ಇರಬೇಕಾಗಿದ್ದ ಸ್ತ್ರೀಯರು ಶೇಕಡ 70ರಷ್ಟು ಇದ್ದರು. ಮೂರು ವರ್ಷಗಳ ಮೇಲೆ, ಸೊಟಲಾಲ್ ತೆಗೆದುಕೊಂಡ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಪರಿಶೀಲನೆಯಲ್ಲಿ, ಪುರುಷರಲ್ಲಿ ಶೇಕಡ 1.9 ಜನಕ್ಕೆ, ಸ್ತ್ರೀಯರಲ್ಲಿ ಶೇಕಡ 4.1 ಜನಕ್ಕೆ ಈ ವಿಕಾರ ತಗಲಿತ್ತು.

ಹೃದ್ರೋಗಿಗಳ ಮಾತು ಹಾಗಿರಲಿ. ಹೃದಯದಲ್ಲಿ ಯಾವ ದೋಷವೂ ಇಲ್ಲದೆ ಬರಿಯ ಸೀನಿಗಾಗಿ ಗುಳಿಗೆ ನುಂಗಿದವಳ ಪ್ರಸಂಗ ಇದಕ್ಕಿಂತ ಬೋಧಪ್ರದವಾದದ್ದು. ಟೆರ್ಫೆನಡಿನ್ ಎಂಬುದು ನಿದ್ದೆ ತರಿಸದ ಅಲರ್ಜಿ ಔಷಧವೆಂದು 1985ರಿಂದ ಅಮೆರಿಕದಲ್ಲಿ ಬಹು ಜನಪ್ರಿಯವಾಗಿದ್ದಿತು. 1990ರಲ್ಲಿ ಪ್ರಕಟವಾದ ವೃತ್ತಾಂತದ ಪ್ರಕಾರ, ಅದನ್ನು ಸೇವಿಸುತ್ತಿದ್ದ 39 ವರ್ಷದ ಮಹಿಳೆಯೊಬ್ಬಳು ಬೂಷ್ಟಿನ ಸೋಂಕಿಗಾಗಿ ಕೀಟೊಕೊನಜೋಲ್ ಗುಳಿಗೆಯನ್ನೂ ಸೇರಿಸಿಕೊಂಡಳು. ಮೇಲಿಂದ ಮೇಲೆ ಮೂರ್ಛೆ ಹೋಗತೊಡಗಿದಳು. ಆಸ್ಪತ್ರೆಯ ಇಸಿಜಿಯಲ್ಲಿ ದೆಸೆರ್ತೆನ್ ಕಂಡ ಅದೇ ರೇಖೆ ಕಂಡಿತು. ಟೆರ್ಫೆನಡಿನ್ ಸಾಮಾನ್ಯವಾಗಿ ಯಕೃತ್ತಿನಲ್ಲಿಯೇ ನಿರುಪದ್ರವಿಯಾದ ಬೇರೊಂದು ದ್ರವ್ಯವಾಗಿ ಮಾರ್ಪಟ್ಟು ರಕ್ತಕ್ಕೆ ಸೇರುವಂಥದು. ಯಕೃತ್ತಿನ ಆ ಕೆಲಸವನ್ನು ಕೀಟೊಕೊನಜೋಲ್ ತಡೆದದ್ದರಿಂದ ಮೂಲದ್ರವ್ಯವೇ ರಕ್ತದಲ್ಲಿ ಏರಿ, ಹೃದಯದ ಪೊಟ್ಯಾಸಿಯಂ ಮಾರ್ಗವನ್ನು ಕಟ್ಟಿಹಾಕಿತ್ತು. ಆ ನಿರುಪದ್ರವಿಯಾದ ದ್ರವ್ಯವೇ ಫೆಕ್ಸೊಫೆನಡಿನ್. ಇಂದು ನಮ್ಮ ಅಂಗಡಿಗಳಲ್ಲಿ ಶೀತಕ್ಕೂ ತುರಿಕೆಗೂ ಧಾರಾಳವಾಗಿ ಸಿಕ್ಕುತ್ತದೆ. ಟೆರ್ಫೆನಡಿನ್ 1998ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಿಂದ ಮರೆಯಾಯಿತು. ಅದೇ ಜಾತಿಯ ಅಸ್ಟೆಮಿಜೋಲ್ 1999ರಲ್ಲಿ, ಹೊಟ್ಟೆಯುಬ್ಬರದ ಸಿಸಾಪ್ರೈಡ್ 2000ದಲ್ಲಿ ಹಿಂದೆಗೆಯಲ್ಪಟ್ಟುವು. ಭಾರತ ಸರಕಾರ ಮೊದಲೆರಡನ್ನು 2003ರಲ್ಲಿಯೂ ಸಿಸಾಪ್ರೈಡನ್ನು 2011ರಲ್ಲಿಯೂ ನಿಷೇಧಿಸಿತು. ಈ ನಾಲ್ಕೈದು, ಹನ್ನೊಂದು ವರ್ಷಗಳ ವಿಳಂಬದಲ್ಲಿ ಇಲ್ಲಿ ಎಷ್ಟು ಗುಳಿಗೆಗಳು ಮಾರಾಟವಾದುವೆಂಬುದನ್ನು ಲೆಕ್ಕಿಸುವ ಗೋಜಿಗೆ ಹೋದವರಿಲ್ಲ.

1997ರಿಂದ 2000ದವರೆಗೆ ಅಮೆರಿಕದಲ್ಲಿ ಹಿಂದೆಗೆದ ಹತ್ತು ಔಷಧಗಳಲ್ಲಿ ಎಂಟು ಪುರುಷರಿಗಿಂತ ಸ್ತ್ರೀಯರಿಗೇ ಹೆಚ್ಚು ಅಪಾಯಕಾರಿಯಾಗಿದ್ದುವೆಂದು ಅಲ್ಲಿಯ ಸಂಸತ್ತಿನ ಲೆಕ್ಕಪರಿಶೋಧನ ಕಚೇರಿ 2001ರಲ್ಲಿ ವರದಿ ಮಾಡಿತು. ಇದನ್ನು ಕಾಕತಾಳೀಯವೆನ್ನಲಾಗದು. 1977ರಿಂದ 1993ರವರೆಗೆ, ಗರ್ಭ ಧರಿಸಬಲ್ಲ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಆರಂಭದ ಪರೀಕ್ಷೆಗಳಿಂದ ದೂರವಿರಿಸಬೇಕೆಂಬುದು ಆ ದೇಶದ ಔಷಧ ನಿಯಂತ್ರಣ ಸಂಸ್ಥೆಯ ಸೂಚನೆಯಾಗಿತ್ತು. ಗರ್ಭಸ್ಥ ಶಿಶುವನ್ನು ಕಾಪಾಡಬೇಕೆಂಬ ಸದುದ್ದೇಶ ಅದರಲ್ಲಿತ್ತೆಂಬುದನ್ನು ಒಪ್ಪಬೇಕು. ಆದರೆ ಪರೀಕ್ಷೆಯಿಂದ ಹೊರಗಿಟ್ಟ ಹೆಂಗಸನ್ನು ಮಾರಾಟದಿಂದ ಯಾರೂ ಹೊರಗಿಡಲಿಲ್ಲ. ಗಂಡಸಿನ ಮೈಯಲ್ಲಿ ಅಳೆದು ನಿರ್ಧರಿಸಿದ ಪ್ರಮಾಣವನ್ನೇ, ಸಾಮಾನ್ಯವಾಗಿ ಗಂಡಸಿಗಿಂತ ಕಡಮೆ ತೂಕದವಳಾದ ಅವಳು ನುಂಗುತ್ತ ಬಂದಳು.

ಗುಳಿಗೆಯೊಂದೇ ಈ ಅನಾಹುತವನ್ನು ತರುವುದು ಅತ್ಯಂತ ಅಪರೂಪ. ಓದುಗರು ಮನೆಯಲ್ಲಿರುವ ಔಷಧವನ್ನೆಲ್ಲ ಹೊಳೆಗೆ ಚೆಲ್ಲಬೇಕಾದ ಕಾರಣವಿಲ್ಲ. ಅನಾಹುತವಾಗುವುದು ಹಲವು ಕಾರಣಗಳು ಒಂದೇ ದೇಹದಲ್ಲಿ ಕೂಡಿಬಂದಾಗ: ಹೆಣ್ಣುದೇಹ, ವೃದ್ಧಾಪ್ಯ, ನಿಧಾನವಾದ ನಾಡಿ, ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ, ಒಂದರ ಮೇಲೊಂದು ಬಿದ್ದ ಎರಡು ಮೂರು ಔಷಧಗಳು, ಮತ್ತು ಎಲ್ಲಕ್ಕೂ ಮುಖ್ಯವಾಗಿ ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಕೊರತೆ. ವಾಂತಿಭೇದಿಯಲ್ಲಿ ದೇಹದಿಂದ ಹರಿದುಹೋಗುವುದು ನೀರೊಂದೇ ಅಲ್ಲ, ಪೊಟ್ಯಾಸಿಯಂ ಕೂಡ. ಅದು ಕಡಮೆಯಾದಷ್ಟೂ ಔಷಧದ ಹಿಡಿತ ಬಿಗಿಯಾಗುತ್ತದೆ. ಜಾತ್ರೆಯಿಂದ ಮರಳಿ ಎರಡು ದಿನ ಭೇದಿಯಲ್ಲಿ ನವೆದ ಅರವತ್ತರ ಮುದುಕಿಗೆ, ಬಿಪಿ ಗುಳಿಗೆಯ ಮೇಲೆ ವಾಂತಿಯ ಗುಳಿಗೆಯನ್ನೂ ಅದರ ಮೇಲೆ ಆಂಟಿಬಯೋಟಿಕನ್ನೂ ಕೊಡುವುದೆಂದರೆ, ಮೇಲಣ ಪಟ್ಟಿಯ ಮುಕ್ಕಾಲುಪಾಲನ್ನು ಒಂದೇ ಮಂಚದ ಮೇಲೆ ಮಲಗಿಸಿದಂತೆ. ಇಲ್ಲಿ ಅಗ್ಗದ ಪರಿಹಾರವೊಂದಿದೆ: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ ಒಂದೂವರೆ ಗ್ರಾಮು ಪೊಟ್ಯಾಸಿಯಂ ಕ್ಲೋರೈಡು ಇರುತ್ತದೆ. ಬರಿಯ ಗ್ಲೂಕೋಸು ಪುಡಿಯಲ್ಲಿ ಅದಿಲ್ಲ. ಅಂಗಡಿಯಲ್ಲಿ ಎರಡನ್ನೂ ಒಂದೇ ಎಂಬಂತೆ ಕೊಳ್ಳುವುದು ಸರಿಯಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿದೆ. ಮೂತ್ರಪಿಂಡದ ರೋಗವಿರುವವರು ಮಾತ್ರ ಇದನ್ನು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಡೊಂಪೆರಿಡೋನಿನ ವಿಷಯದಲ್ಲಿ ಯುರೋಪಿನ ಔಷಧ ಸಂಸ್ಥೆ 2014ರಲ್ಲಿಯೇ ಎಚ್ಚರಿಸಿ, ದಿನಕ್ಕೆ ಮೂರು ಸಾರಿ ಹತ್ತು ಮಿಲಿಗ್ರಾಮಿಗೆ ಮೀರದಂತೆ, ಸಾಮಾನ್ಯವಾಗಿ ಒಂದು ವಾರಕ್ಕೆ ಮೀರದಂತೆ ಅದರ ಬಳಕೆಯನ್ನು ಮಿತಗೊಳಿಸಿತು. ನಮ್ಮಲ್ಲಿ ಅದು ಆಮ್ಲಪಿತ್ತದ ಗುಳಿಗೆಯೊಡನೆ ಬೆರೆತು ತಿಂಗಳುಗಟ್ಟಲೆ ಹೊಟ್ಟೆ ಸೇರುತ್ತಿದೆ; ಎದೆಹಾಲು ಹೆಚ್ಚಲೆಂದು ಬಾಣಂತಿಯರಿಗೆ ಕೊಡುವುದೂ ಉಂಟು. ಬಾಣಂತಿಯ ಮಾತು ಬಂದದ್ದರಿಂದ ಹೇಳಬೇಕಾದ ಒಂದು ಸಂಗತಿಯಿದೆ. ಕೆಲವರಿಗೆ ಕ್ಯೂಟಿಯ ದೈರ್ಘ್ಯ ವಂಶಪಾರಂಪರ್ಯವಾಗಿಯೇ ಬರುತ್ತದೆ. ಅದರ ಎರಡನೆಯ ಪ್ರಭೇದವಿರುವ ಹೆಂಗಸರಿಗೆ ಗರ್ಭಕಾಲ ಒಂದು ರೀತಿಯ ರಕ್ಷಣೆ. ಹೆರಿಗೆಯಾದ ಮೇಲಣ ಒಂಬತ್ತು ತಿಂಗಳು ಅಪಾಯದ ಕಾಲ. ಹಠಾತ್ತಾದ ಸದ್ದು, ಗಡಿಯಾರದ ಅಲಾರಮ್ಮೋ ಫೋನಿನ ಗಂಟೆಯೋ, ನಿದ್ದೆಯಲ್ಲಿದ್ದವಳ ಹೃದಯದ ತಾಳವನ್ನು ಮುರಿಯಬಲ್ಲದು. ಇನ್ನೊಂದು ಬಗೆಯದನ್ನು 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ವರ್ಣಿಸಿದರು: ಹುಟ್ಟುಗಿವುಡರಾದ ಮಕ್ಕಳು ಮೂರ್ಛೆ ಹೋಗಿ ಸಾಯುತ್ತಿದ್ದರು. ತಾಯಿತಂದೆ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಪ್ರಕಟವಾಗುವ ಇಂಥ ರೋಗ, ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯಿರುವ ನಮ್ಮ ಸೀಮೆಯಲ್ಲಿ ಉಪೇಕ್ಷಿಸತಕ್ಕದ್ದಲ್ಲ. ಹುಟ್ಟುಗಿವುಡಾದ ಮಗು ಒಮ್ಮೆಯಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ ಅದರ ಹೃದಯವನ್ನೂ ಪರೀಕ್ಷಿಸಬೇಕು.

ಪುರುಷರು ಇದರಿಂದೆಲ್ಲ ನಿಶ್ಚಿಂತರಾಗಬೇಕಾಗಿಲ್ಲ. ಹಠಾತ್ ಹೃದಯಸ್ತಂಭನ, ಹೃತ್ಕರ್ಣಗಳ ಕಂಪನ, ಬ್ರುಗಾಡ ಎಂಬ ವಂಶಗತ ವಿಕಾರ, ಇವೆಲ್ಲ ಅವರಲ್ಲಿಯೇ ಹೆಚ್ಚು. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು; ನಮ್ಮ ಕಲ್ಪನೆಯಲ್ಲಿ ಹೃದ್ರೋಗಿಯೆಂದರೆ ಗಂಡಸೇ ಎಂಬುದು ಆಗ ಇನ್ನಷ್ಟು ಗಟ್ಟಿಯಾಯಿತು. ಎದೆ ಢವಢವ ಎನ್ನುತ್ತದೆಂದು ಬಂದ ಹೆಂಗಸಿಗೆ ಮಾತ್ರ 'ಗಾಬರಿ ಆಗ್ಯಾಳ' ಎಂಬ ನಿದಾನ ಈಗಲೂ ಸುಲಭವಾಗಿ ದೊರೆಯುತ್ತದೆ. ಹಾಗೆ ಇದ್ದಕ್ಕಿದ್ದಂತೆ ಆರಂಭವಾಗಿ ಇದ್ದಕ್ಕಿದ್ದಂತೆ ನಿಲ್ಲುವ ಒಂದು ಬಗೆಯ ವೇಗದ ನಾಡಿ ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು, ಮತ್ತು ಗುಣಪಡಿಸಬಹುದಾದದ್ದು.

ಎಚ್ಚರದಿಂದ ನಡೆದ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇಲ್ಲದಿಲ್ಲ. ಕೊರೋನಾ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯನ್ನು ಮುನ್ನೆಚ್ಚರಿಕೆಗೆಂದು ಆರೋಗ್ಯ ಕಾರ್ಯಕರ್ತರಿಗೆ ಸೂಚಿಸಿದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ, 2020ರ ಮೇ ತಿಂಗಳ ಪರಿಷ್ಕೃತ ಸೂಚನೆಯಲ್ಲಿ ಕ್ಯೂಟಿ ಅವಧಿಯನ್ನು ಅಳೆಯುವ ಇಸಿಜಿಯ ಮಾತನ್ನು ಸೇರಿಸಿತು. ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಕ್ಯೂಟಿಯನ್ನು ಹಿಗ್ಗಿಸುವಂಥದೇ. ಆದ್ದರಿಂದ ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಅದನ್ನು ಆರಂಭಿಸುವ ಮೊದಲೂ ಅನಂತರ ನಿಯತಕಾಲಗಳಲ್ಲಿಯೂ ಇಸಿಜಿ ತೆಗೆಯುತ್ತಾರೆ. ಹೃದಯಾಘಾತವನ್ನು ಬೇಗ ಗುರುತಿಸುವುದಕ್ಕಾಗಿ ರಾಜ್ಯ ಸರಕಾರ 2023ರಲ್ಲಿ ಪುನೀತ್ ಅವರ ಹೆಸರಿನಲ್ಲಿಯೇ ಆರಂಭಿಸಿದ ಹೃದಯಜ್ಯೋತಿ ಯೋಜನೆಯೂ ಇಸಿಜಿಯನ್ನೇ ಆಧರಿಸಿದ್ದು. ಅದೇ ಕಾಗದದ ಪಟ್ಟಿಯ ಮೇಲೆ ಕ್ಯೂಟಿಯೂ ಇರುತ್ತದೆ. ಬೇರೆ ಖರ್ಚಿಲ್ಲ, ಓದುವ ಕಣ್ಣೊಂದು ಬೇಕು. ಈಗಿನ ಯಂತ್ರಗಳು ಆ ಓದನ್ನೂ ತಾವೇ ಮಾಡಿ, ಅಂಕಿಗಳನ್ನು ಪಟ್ಟಿಯ ತಲೆಯಲ್ಲಿ ಅಚ್ಚು ಹಾಕಿಕೊಡುತ್ತವೆ. ಅದಕ್ಕಾಗಿ ತಂತಿಗಳನ್ನು ಎದೆಗೆ ಅಂಟಿಸುವ ಮುನ್ನ ರೋಗಿಯ ವಯಸ್ಸನ್ನೂ ಹೆಣ್ಣೋ ಗಂಡೋ ಎಂಬುದನ್ನೂ ಗುಂಡಿ ಒತ್ತಿ ತಿಳಿಸಬೇಕು. ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಅವಸರಕ್ಕೆ ಅದನ್ನು ಒತ್ತದೆ ಮುಂದುವರಿದರೆ, ಕೆಲವು ಯಂತ್ರಗಳು ಮಂಚದ ಮೇಲೆ ಮಲಗಿರುವುದು ನಡುವಯಸ್ಸಿನ ಒಬ್ಬ ಗಂಡಸೆಂದು ತಾವಾಗಿಯೇ ನಿಶ್ಚಯಿಸಿಕೊಂಡು ಲೆಕ್ಕ ಆರಂಭಿಸುತ್ತವೆ.